ವಿಶ್ವವಿದ್ಯಾಲಯದ ಒಂದು ವರ್ಷ ಒಂದೇ ಸಾಲಿಗೆ ಮುಗಿಯಬಾರದು

ಮಾನ್ಯರೇ,

ಪ್ರತಿ ವರ್ಷ ಜುಲೈ 27 ಬಂದಾಗ ಪತ್ರಿಕೆಗಳಲ್ಲಿ ಒಂದು ಪುಟ್ಟ ಸುದ್ದಿ ಬರುತ್ತದೆ. 1916ರಲ್ಲಿ ಇದೇ ದಿನ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾಲಯ ಸ್ಥಾಪಿಸಿದರು ಅಂತ. ಪಕ್ಕದಲ್ಲಿ ವಿಶ್ವವಿದ್ಯಾಲಯದ ಕಚೇರಿ ಇರುವ ಕ್ರಾಫರ್ಡ್ ಹಾಲಿನ ಒಂದು ಫೋಟೊ. ಅಲ್ಲಿಗೆ ಮುಗೀತು. ಮಾರನೇ ದಿನದಿಂದ ಮತ್ತೆ ಪರೀಕ್ಷೆ ಮುಂದಕ್ಕೆ ಹೋಯಿತು, ಫಲಿತಾಂಶ ತಡವಾಯಿತು, ಇಂಥವರಿಗೆ ಇಷ್ಟು ಚಿನ್ನದ ಪದಕ ಬಂತು, ಇಷ್ಟೇ ಸುದ್ದಿ. ಒಂದು ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದಲ್ಲಿ ಏನೇನು ನಡೆಯಿತು ಅನ್ನೋದನ್ನು ಯಾರೂ ಕೂತು ಪೂರ್ತಿಯಾಗಿ, ಎಲ್ಲರಿಗೂ ಅರ್ಥವಾಗುವ ಹಾಗೆ ಕನ್ನಡದಲ್ಲಿ ಬರೆದಿಡುತ್ತಿಲ್ಲ. ನಮ್ಮ ರಾಜ್ಯದ ಪ್ರತಿಯೊಂದು ವಿಶ್ವವಿದ್ಯಾಲಯವೂ ಈ ಕೆಲಸ ಮಾಡಬೇಕು, ಅದಕ್ಕೆ ನಿಮ್ಮ ಪತ್ರಿಕೆಯೂ ಒತ್ತಾಯ ಹಾಕಬೇಕು ಅಂತ ಕೇಳುವುದಕ್ಕೇ ಈ ಪತ್ರ.

ಆ 1916ನ್ನೇ ತಗೊಳ್ಳಿ. ಒಂದೇ ಸಾಲಿನಲ್ಲಿ ಹೇಳಿ ಮುಗಿಸುವ ಆ ವರ್ಷದೊಳಗೆ ಎಷ್ಟು ಸಂಗತಿ ಇದೆ ಅಂತ ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ, ಇದನ್ನೆಲ್ಲ ನಮ್ಮ ಮಕ್ಕಳಿಗೆ ಯಾಕೆ ಹೇಳಲಿಲ್ಲ ಅಂತ. ಅಲ್ಲಿಯವರೆಗೆ ನಮ್ಮ ಹುಡುಗರು ಮೈಸೂರಿನ ಮಹಾರಾಜ ಕಾಲೇಜಿನಲ್ಲೋ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೋ ಓದಿ, ಪದವಿ ಮಾತ್ರ ಮದ್ರಾಸ್ ವಿಶ್ವವಿದ್ಯಾಲಯದಿಂದ ಪಡೆಯಬೇಕಿತ್ತು. ಪಠ್ಯ ಯಾವುದು, ಪರೀಕ್ಷೆ ಹೇಗೆ, ಪಾಸು ಯಾರು, ಎಲ್ಲ ಅಲ್ಲಿಯೇ ತೀರ್ಮಾನ ಆಗುತ್ತಿತ್ತು. ಬ್ರಿಟಿಷರ ನೇರ ಆಡಳಿತದ ಹೊರಗೆ, ಒಂದು ದೇಶೀ ಸಂಸ್ಥಾನ ತನ್ನದೇ ವಿಶ್ವವಿದ್ಯಾಲಯ ಕಟ್ಟಿದ್ದು ಆಗ ಇಡೀ ಭಾರತದಲ್ಲೇ ಮೊದಲು. ಆಗ ಮಹಾರಾಜರಿಗೆ ಮೂವತ್ತೆರಡು ವರ್ಷ. ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಯುರೋಪಿನಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಅಂಥ ಹೊತ್ತಿನಲ್ಲಿ ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕಿದರು.

ಅದೂ ಸುಮ್ನೆ ಒಂದು ಬೆಳಿಗ್ಗೆ ಎದ್ದು ಮಾಡಿದ ಕೆಲಸವಲ್ಲ. ಶಿಕ್ಷಣ ತಜ್ಞ ಸಿ.ಆರ್. ರೆಡ್ಡಿ ಅಮೆರಿಕಕ್ಕೂ ಬೇರೆ ದೇಶಗಳಿಗೂ ಹೋಗಿ ಅಲ್ಲಿನ ವಿಶ್ವವಿದ್ಯಾಲಯಗಳನ್ನು ನೋಡಿ ಬಂದು ವರದಿ ಕೊಟ್ಟರು. ಇನ್ನೊಬ್ಬ ಶಿಕ್ಷಣ ತಜ್ಞ ಥಾಮಸ್ ಡೆನ್ಹ್ಯಾಮ್ ಕೂಡ ಹೀಗೆಯೇ ಹೊರದೇಶದ ವಿಶ್ವವಿದ್ಯಾಲಯಗಳನ್ನು ನೋಡಿ ಬಂದು ಇನ್ನೊಂದು ವರದಿ ಬರೆದರು. ಈ ಎರಡು ವರದಿಗಳ ಮೇಲೆ ಯೋಜನೆ ಬೆಳೆಯಿತು. ಸ್ವಂತ ಸಂಶೋಧನೆಗೆ ಷಿಕಾಗೋ ವಿಶ್ವವಿದ್ಯಾಲಯ, ವಿದ್ಯಾರ್ಥಿಯ ಬುದ್ಧಿ, ನಡತೆ ಎರಡನ್ನೂ ತಿದ್ದುವುದಕ್ಕೆ ಆಕ್ಸ್‌ಫರ್ಡ್, ಕೇಂಬ್ರಿಜ್, ಜನಸಾಮಾನ್ಯರ ನಡುವೆ ಜ್ಞಾನ ಹರಡುವುದಕ್ಕೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ, ಹೀಗೆ ಒಂದೊಂದು ಗುಣಕ್ಕೆ ಒಂದೊಂದು ಮಾದರಿ ಇಟ್ಟುಕೊಂಡರು. ಈ ಮೂರನೆಯದನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಕಾಲೇಜಿನ ಗೇಟಿನ ಒಳಗೆ ಬಾರದವರಿಗೂ ವಿಶ್ವವಿದ್ಯಾಲಯದಿಂದ ಏನಾದರೂ ಸಿಗಬೇಕು ಅನ್ನೋದು ಮೊದಲ ದಿನದಿಂದಲೇ ಆ ಯೋಜನೆಯಲ್ಲಿ ಇತ್ತು. ಆಮೇಲೆ ಸೇರಿಸಿದ್ದಲ್ಲ.

ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ನ್ಯಾಯಾಧೀಶರಾಗಿದ್ದವರು, ಮೈಸೂರು ಸೀಮೆಯ ಜಾತಿ ಬುಡಕಟ್ಟುಗಳ ಬಗ್ಗೆ ಊರೂರಿನ ಮಾಹಿತಿ ಕೂಡಿಹಾಕಿ ಬರೆಸಿದವರು. ಹಿಂದಿನ ವರ್ಷ, ಅಂದರೆ 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರೂ ಇವರೇ. ಪರಿಷತ್ತು, ವಿಶ್ವವಿದ್ಯಾಲಯ ಎರಡನ್ನೂ ಮೊದಲು ನಡೆಸಿದವರು ಒಬ್ಬರೇ ಮನುಷ್ಯ. ಇಂದು ರಸ್ತೆಯಲ್ಲಿ ನಿಲ್ಲಿಸಿ ಕೇಳಿದರೆ ಎಷ್ಟು ಪದವೀಧರರಿಗೆ ಅವರ ಹೆಸರು ಗೊತ್ತಿರುತ್ತದೆ ಹೇಳಿ?

ಎರಡು ಕಾಲೇಜು, ಎರಡು ಊರು. ಕಲಾ ವಿಷಯಗಳು ಮೈಸೂರಿನಲ್ಲಿ, ವಿಜ್ಞಾನ ಬೆಂಗಳೂರಿನಲ್ಲಿ. ಅದೇ ವರ್ಷ, ಹಳೆಯ ಹಸ್ತಪ್ರತಿಗಳನ್ನು ಕೂಡಿಡುವ ಓರಿಯಂಟಲ್ ಲೈಬ್ರರಿ ಕೂಡ ವಿಶ್ವವಿದ್ಯಾಲಯದ ತೆಕ್ಕೆಗೆ ಬಂತು. ಅದು 1891ರಲ್ಲೇ ಶುರುವಾಗಿದ್ದ ಸಂಸ್ಥೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು ಇಲ್ಲಿಯೇ, 1909ರಲ್ಲಿ ಅಚ್ಚು ಹಾಕಿಸಿದ್ದೂ ಅವರೇ. ತಾಳೆಗರಿ ನೋಡಿದ್ದೀರಾ? ಒಂದೆರಡು ಗೇಣು ಉದ್ದ, ಎರಡಂಗುಲ ಅಗಲ ಇರುವ ಗರಿ. ಕಂಟ ಅನ್ನುವ ಚೂಪು ಲೇಖನಿಯಿಂದ ಅಕ್ಷರ ಕೊರೆದಿರುತ್ತಾರೆ, ಮಸಿ ಹಚ್ಚಿ ಒರೆಸಿದರೆ ಮಾತ್ರ ಅಕ್ಷರ ಕಣ್ಣಿಗೆ ಬೀಳುತ್ತದೆ. ಆಗಾಗ ಎಣ್ಣೆ ಹಚ್ಚದಿದ್ದರೆ ಗರಿ ಒಣಗಿ ಸಿಡಿಯುತ್ತದೆ, ಹುಳ ತಿನ್ನುತ್ತದೆ. ನೂರಾರು ವರ್ಷದಿಂದ ಯಾರೋ ಒಬ್ಬರು ಎಣ್ಣೆ ಹಚ್ಚುತ್ತಾ, ಹಳೆಯ ಗರಿ ಹಾಳಾಗುವ ಮುಂಚೆ ಹೊಸ ಗರಿಗೆ ನಕಲು ಮಾಡುತ್ತಾ ಬಂದಿದ್ದಕ್ಕೆ ಅರ್ಥಶಾಸ್ತ್ರ ನಮ್ಮ ಕೈಗೆ ಸಿಕ್ಕಿತು. ಬರೆದಿಡುವ ಕೆಲಸಕ್ಕೆ ಎಷ್ಟು ಬೆಲೆ ಇದೆ ಅಂತ ತನ್ನದೇ ಕಪಾಟಿನಲ್ಲಿ ಸಾಕ್ಷಿ ಇಟ್ಟುಕೊಂಡಿರುವ ವಿಶ್ವವಿದ್ಯಾಲಯ ಇದು.

ಇನ್ನೂ ಒಂದು ಸಂಗತಿ ಇದೆ. ಆ ವರ್ಷ ಮೈಸೂರು ಒಂದೇ ಅಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಶುರುವಾಗಿದ್ದು 1916ರಲ್ಲೇ. ಪುಣೆಯಲ್ಲಿ ಮಹರ್ಷಿ ಕರ್ವೆ ಹೆಣ್ಣುಮಕ್ಕಳಿಗಾಗಿಯೇ ವಿಶ್ವವಿದ್ಯಾಲಯ ತೆರೆದಿದ್ದೂ ಅದೇ ವರ್ಷ. ಮೂರು ಊರು, ಮೂರು ಬಗೆಯ ಕನಸು. ಬೆಂಗಳೂರಿನಲ್ಲಿ ಸರ್ಕಾರದ ಸಾಬೂನು ಕಾರ್ಖಾನೆ ಕೂಡ ಆ ವರ್ಷದ್ದೇ. ಇವನ್ನೆಲ್ಲ ಒಟ್ಟಿಗೆ ಇಟ್ಟು ಹೇಳಿದಾಗ ಅಲ್ವಾ ಒಬ್ಬ ಓದುಗನಿಗೆ ಆ ಕಾಲದ ಬಿಸಿ ತಟ್ಟುವುದು?

ಹಾಗಂತ ಬರೀ ಹೊಗಳಿಕೆ ಬರೆದಿಡಬೇಕು ಅಂತ ನಾನು ಹೇಳುತ್ತಿಲ್ಲ. 1916ರ ವಿಶ್ವವಿದ್ಯಾಲಯದಲ್ಲಿ ಪಾಠ ಇಂಗ್ಲಿಷಿನಲ್ಲೇ. ಕನ್ನಡ ನಾಡಿನ ಮೊದಲ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಶುರುವಾಗಲು 1927ರವರೆಗೆ ಕಾಯಬೇಕಾಯಿತು. ಹನ್ನೊಂದು ವರ್ಷ! ಅಷ್ಟರಲ್ಲಿ ಬಿ.ಎಂ. ಶ್ರೀಕಂಠಯ್ಯನವರಂಥ ಇಂಗ್ಲಿಷ್ ಮೇಷ್ಟ್ರು ಕನ್ನಡಕ್ಕಾಗಿ ಎಷ್ಟು ಊರು ತಿರುಗಿ ಎಷ್ಟು ಭಾಷಣ ಮಾಡಿದರು, ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ತಂದಿದ್ದು ಎಂಥ ಧೈರ್ಯದ ಕೆಲಸ, ಇವೆಲ್ಲ ಒಂದೇ ಕಥೆಯ ಭಾಗಗಳು. ಇದ್ದದ್ದನ್ನೂ ಬರೆಯಬೇಕು, ಇಲ್ಲದ್ದನ್ನೂ ಬರೆಯಬೇಕು. ಯಾವುದು ಇರಲಿಲ್ಲ ಅಂತ ಗೊತ್ತಿದ್ದರೆ ತಾನೆ ಯಾರು ಹೋರಾಡಿ ತಂದರು ಅಂತ ಗೊತ್ತಾಗೋದು.

1918 ಇನ್ನೊಂದು ದೊಡ್ಡ ವರ್ಷ. ಮೊದಲ ಘಟಿಕೋತ್ಸವ ನಡೆಯಿತು. ಕಲ್ಕತ್ತಾ ವಿಶ್ವವಿದ್ಯಾಲಯವನ್ನು ಬೆಳೆಸಿ ಹೆಸರು ಮಾಡಿದ್ದ ಸರ್ ಆಶುತೋಷ್ ಮುಖರ್ಜಿ ಬಂದು ಭಾಷಣ ಮಾಡಿದರು. ಅದೇ ವರ್ಷ ಎಸ್. ರಾಧಾಕೃಷ್ಣನ್ ತತ್ವಶಾಸ್ತ್ರ ಕಲಿಸಲು ಮಹಾರಾಜ ಕಾಲೇಜಿಗೆ ಸೇರಿದರು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನೂ ಬಿಡಲಿಲ್ಲ, ಊರೂರಲ್ಲಿ ಜನ ಸತ್ತರು. ಹೊಸ ಪದವೀಧರರ ಸಂಭ್ರಮ, ಸಾವಿನ ಸುದ್ದಿ ಎರಡೂ ಒಟ್ಟಿಗೇ ಬಂದ ವರ್ಷ ಅದು. ಮೂರು ವರ್ಷದ ಮೇಲೆ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ಹುಡುಗರು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದ ಕಥೆ ನಮಗೆಲ್ಲ ಗೊತ್ತು. ಯಾಕೆ ಗೊತ್ತು? ಆಮೇಲೆ ಅವರು ರಾಷ್ಟ್ರಪತಿ ಆದರು, ಆದ್ದರಿಂದ ಗೊತ್ತು. ಗಾಡಿ ಎಳೆದ ಹುಡುಗರು ಯಾರು, ಯಾವ ಊರಿಂದ ಬಂದವರು, ಓದಿ ಏನಾದರು ಅನ್ನೋದೂ ಆ ವಿಶ್ವವಿದ್ಯಾಲಯದ ಚರಿತ್ರೆಯೇ. ಅದನ್ನು ಆಗಲೇ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಬರೆದಿಟ್ಟಿದ್ದರಿಂದ ಉಳಿದ ಒಂದು ಸಂಜೆಯನ್ನೂ ಹೇಳಬೇಕು. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು ತಾವು ಕಂಡ ಹೊಸ ಬೆಳಕಿನ ಬಗ್ಗೆ, ಅಂದರೆ ಈಗ ರಾಮನ್ ಪರಿಣಾಮ ಅನ್ನುವುದರ ಬಗ್ಗೆ, ಉಪನ್ಯಾಸ ಕೊಟ್ಟರು. ಕಲ್ಕತ್ತೆಯಲ್ಲಿ ಅದನ್ನು ಕಂಡುಹಿಡಿದು ಇನ್ನೂ ಮೂರು ವಾರ ಕೂಡ ಆಗಿರಲಿಲ್ಲ. ಆ ಕಾಲೇಜು ಆಗ ಮೈಸೂರು ವಿಶ್ವವಿದ್ಯಾಲಯದ್ದೇ. ಮುಂದೆ ನೊಬೆಲ್ ಬಂದ ಸಂಗತಿಯ ಮೊದಲ ದೊಡ್ಡ ಸಾರ್ವಜನಿಕ ವಿವರಣೆ ನಮ್ಮ ಊರಿನ ಒಂದು ಕಾಲೇಜಿನಲ್ಲಿ ನಡೆಯಿತು. ಆ ಉಪನ್ಯಾಸವನ್ನು ಕೂಡಲೇ ಅಚ್ಚು ಹಾಕಿಸಿ ಹಂಚಿದರು, ಅದಕ್ಕೇ ಇವತ್ತು ತಾರೀಖಿನ ಸಮೇತ ಹೇಳಲು ಆಗುತ್ತಿದೆ. ಇಲ್ಲದಿದ್ದರೆ ಯಾರೋ ಹಿರಿಯರು ‘ಹೌದಪ್ಪ, ರಾಮನ್ ಒಂದು ಸಲ ಬಂದಿದ್ದರಂತೆ’ ಅನ್ನುವಲ್ಲಿಗೆ ನಿಲ್ಲುತ್ತಿತ್ತು.

ಈಗಿನ ಕಥೆಗೆ ಬರೋಣ. ವಾರ್ಷಿಕ ವರದಿ ಇದೆಯಲ್ಲ, ಮತ್ತೇನು ಬೇಕು ಅಂತ ಕುಲಸಚಿವರ ಕಚೇರಿಯವರು ಕೇಳಬಹುದು. ಇದೆ, ನಿಜ. ವರ್ಷಕ್ಕೊಮ್ಮೆ ವರದಿ ತಯಾರಾಗುತ್ತದೆ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಪ್ರತಿ ವರ್ಷ ಗುಣಮಟ್ಟದ ವರದಿ ಬೇರೆ ಕಳಿಸಬೇಕು. ಆದರೆ ಅವನ್ನು ಒಮ್ಮೆ ತೆರೆದು ನೋಡಿ. ಕ್ರಮ ಸಂಖ್ಯೆ, ದಿನಾಂಕ, ಕಾರ್ಯಕ್ರಮದ ಹೆಸರು, ಉದ್ಘಾಟಕರು, ಭಾಗವಹಿಸಿದವರ ಸಂಖ್ಯೆ, ಹೀಗೆ ಕಾಲಂ ಮೇಲೆ ಕಾಲಂ. ಒಂದು ವಿಚಾರ ಸಂಕಿರಣ ನಡೆಯಿತು ಅಂತ ಗೊತ್ತಾಗುತ್ತದೆ, ಅಲ್ಲಿ ಯಾರು ಏನು ಹೇಳಿದರು, ಯಾರು ಎದ್ದು ನಿಂತು ಒಪ್ಪಲಿಲ್ಲ, ಅದರಿಂದ ಯಾರಿಗೆ ಏನು ಸಿಕ್ಕಿತು ಅನ್ನೋದು ಒಂದು ಅಕ್ಷರವೂ ಇರುವುದಿಲ್ಲ. ಶಾಲು ಹೊದಿಸಿದ ಫೋಟೊ ಮಾತ್ರ ದೊಡ್ಡದಾಗಿ ಇರುತ್ತದೆ. ಅದೂ ಜಾಸ್ತಿ ಪಾಲು ಇಂಗ್ಲಿಷಿನಲ್ಲಿ. ನೋಡುವವರು ತಪಾಸಣೆಗೆ ಬರುವ ಸಮಿತಿಯವರು, ಆಮೇಲೆ ಅದು ವೆಬ್‌ಸೈಟಿನ ಯಾವುದೋ ಮೂಲೆಗೆ. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ತಾಣಕ್ಕೆ ಹೋಗುತ್ತವೆ, ಅದು ತುಂಬ ಒಳ್ಳೆಯ ವ್ಯವಸ್ಥೆ, ಆದರೆ ರಾಗಿಯ ಒಂದು ರೋಗದ ಮೇಲೆ ಐದು ವರ್ಷ ಕೆಲಸ ಮಾಡಿದ ಹುಡುಗಿ ಏನು ಕಂಡುಕೊಂಡಳು ಅಂತ ರಾಗಿ ಬೆಳೆಯುವವರಿಗೆ ಎರಡು ಪುಟದಲ್ಲಿ ಕನ್ನಡದಲ್ಲಿ ಹೇಳುವವರು ಯಾರು?

ನಾನು ಮೂರು ದಶಕ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ನಾನಿದ್ದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಇದ್ದರು. ಪ್ರತಿ ಮಳೆಗಾಲ ಮಕ್ಕಳನ್ನು ಕರೆದುಕೊಂಡು ಸುತ್ತಲ ಬೆಟ್ಟ, ಕೆರೆ ಏರಿ, ಹೊಲದ ಬದು ಎಲ್ಲ ಸುತ್ತಿ ಗಿಡ ತರುತ್ತಿದ್ದರು. ಹಳೆ ಪೇಪರಿನ ಮಧ್ಯೆ ಇಟ್ಟು ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಕೆಳಗೆ ಬಲಗಡೆ ಒಂದು ಚೀಟಿ. ಗಿಡದ ಹೆಸರು, ಊರವರು ಕರೆಯುವ ಹೆಸರು, ಸಿಕ್ಕಿದ ಜಾಗ, ತಾರೀಖು, ತಂದ ವಿದ್ಯಾರ್ಥಿಯ ಹೆಸರು. ಚೀಟಿಯಲ್ಲಿ ಮಕ್ಕಳ ಹೆಸರು ಇರಲೇಬೇಕು ಅಂತ ಅವರ ಹಟ. ಅವರು ನಿವೃತ್ತರಾದ ಮೇಲೆ ಆ ಕೊಠಡಿ ಕಂಪ್ಯೂಟರ್ ಲ್ಯಾಬ್ ಆಯಿತು. ಬೀರು ಹೊರಗೆ ವರಾಂಡಕ್ಕೆ ಬಂತು. ಒಂದು ಮಳೆಗಾಲ ನೀರು ಸೋರಿ ಹಾಳೆಗಳೆಲ್ಲ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡವು. ಆಮೇಲೆ ರದ್ದಿಗೆ ಹೋದವು. ಆ ಬೆಟ್ಟದ ಅರ್ಧ ಭಾಗ ಈಗ ಕಲ್ಲು ಗಣಿ. ಅಲ್ಲಿ ಯಾವ ಗಿಡ ಇತ್ತು ಅಂತ ಹೇಳಲು ಇದ್ದ ಒಂದೇ ದಾಖಲೆ ಅದು. ಆ ಕಾಲೇಜಿನ ಯಾವ ವರ್ಷದ ವರದಿಯಲ್ಲೂ ಅದರ ಬಗ್ಗೆ ಒಂದು ಮಾತು ಇರಲಿಲ್ಲ. ಇದ್ದಿದ್ದರೆ ಬೀರುವನ್ನು ವರಾಂಡಕ್ಕೆ ತಳ್ಳುವಾಗ ಯಾರಾದರೂ ಒಬ್ಬರು ತಡೆಯುತ್ತಿದ್ದರು ಅಂತ ನನಗೆ ಈಗಲೂ ಅನಿಸುತ್ತದೆ.

ನಾನು ಕೇಳುತ್ತಿರುವ ವರ್ಷದ ಪುಸ್ತಕದಲ್ಲಿ ಇಂಥವು ಇರಬೇಕು. ಯಾವ ವಿಭಾಗದಲ್ಲಿ ಎಷ್ಟು ಹುದ್ದೆ ಖಾಲಿ, ಎಷ್ಟು ಪಾಠ ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿದೆ, ಅವರಿಗೆ ಸಂಬಳ ಯಾವ ತಿಂಗಳಲ್ಲಿ ಬಂತು, ಅದೂ ಇರಲಿ. ಪರೀಕ್ಷೆ ಯಾಕೆ ಮುಂದಕ್ಕೆ ಹೋಯಿತು ಅಂತ ಒಂದು ಪ್ಯಾರಾ ಬರೆಯಿರಿ, ನೀವು ಬರೆಯದಿದ್ದರೆ ಜನ ತಮಗೆ ತೋಚಿದ್ದನ್ನು ಹೇಳುತ್ತಾರೆ. ಹಾಸ್ಟೆಲಿನಲ್ಲಿ ನೀರಿಲ್ಲ ಅಂತ ಹುಡುಗಿಯರು ರಾತ್ರಿ ಗೇಟಿನ ಮುಂದೆ ಕೂತರೆ ಅದು ಕೂಡ ಆ ವರ್ಷದ ಮುಖ್ಯ ಘಟನೆಯೇ, ಕುಲಪತಿಗಳು ಯಾವುದೋ ಒಪ್ಪಂದಕ್ಕೆ ಸಹಿ ಹಾಕಿದ್ದು ಮಾತ್ರ ಅಲ್ಲ. ನಿವೃತ್ತರಾದ ಜವಾನರ ಹೆಸರು, ತೀರಿಕೊಂಡ ಮೇಷ್ಟ್ರ ಬಗ್ಗೆ ಅವರ ಶಿಷ್ಯರು ಬರೆದ ಒಂದು ಪುಟ, ಲೈಬ್ರರಿಗೆ ಆ ವರ್ಷ ಬಂದ ಪುಸ್ತಕಗಳು, ತನ್ನ ಮನೆಯಲ್ಲೇ ಮೊದಲು ಪದವಿ ಪಡೆದ ಮಕ್ಕಳು ಎಷ್ಟು ಜನ ಅನ್ನೋದು. ಈ ಕೊನೆಯದನ್ನು ಯಾವ ವಿಶ್ವವಿದ್ಯಾಲಯವಾದರೂ ಪ್ರತಿ ವರ್ಷ ಕೇಳಿ ಬರೆದಿಟ್ಟರೆ, ಚಿನ್ನದ ಪದಕದ ಪಟ್ಟಿಗಿಂತ ದೊಡ್ಡ ಸುದ್ದಿ ಅದು.

ಜಗಳಗಳನ್ನೂ ಬಿಡಬಾರದು. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಕಾಲೇಜು, ಹಾಸ್ಟೆಲುಗಳಲ್ಲಿ ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಮಂತ್ರಿಗಳು ರಾಜೀನಾಮೆ ಕೊಡಬೇಕಾಯಿತು. ಮುಂದೆ ಕರ್ನಾಟಕದಲ್ಲಿ ದಲಿತ ಚಳವಳಿ ಗಟ್ಟಿಯಾಗಿ ನಿಂತಿದ್ದಕ್ಕೆ, ದಲಿತ ಸಾಹಿತ್ಯ ಬೆಳೆದಿದ್ದಕ್ಕೆ ಆ ದಿನಗಳು ದೊಡ್ಡ ಕಾರಣ. ಇದೆಲ್ಲ ನಮಗೆ ತಿಳಿದಿದ್ದು ಅಂದು ವಿದ್ಯಾರ್ಥಿಗಳಾಗಿದ್ದವರು ಆಮೇಲೆ ತಮ್ಮ ನೆನಪುಗಳಲ್ಲಿ ಬರೆದಿದ್ದರಿಂದ. ಆ ಕೆಲಸವನ್ನು ಅವರವರ ನೆನಪಿಗೆ ಬಿಟ್ಟು ಸಂಸ್ಥೆ ಸುಮ್ಮನೆ ಕೂರಬಾರದು.

ಇದಕ್ಕೆಲ್ಲ ಈಗ ಯಾಕೆ ಇಷ್ಟು ಅವಸರ ಅಂತ ಕೇಳಬಹುದು. ನಮ್ಮಲ್ಲಿ ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ ಹೀಗೆ ಜಿಲ್ಲೆಗೊಂದರಂತೆ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. 2025ರಲ್ಲಿ ಅವುಗಳಲ್ಲಿ ಹಲವನ್ನು ಮುಚ್ಚಿ ಹಳೆಯವುಗಳ ಜೊತೆ ಸೇರಿಸಬೇಕು ಅನ್ನುವ ಮಾತು ಸರ್ಕಾರದ ಮಟ್ಟದಲ್ಲೇ ಎದ್ದಿತು. ದುಡ್ಡಿಲ್ಲ, ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅಂತ ಒಂದು ಕಡೆಯವರು. ನಮ್ಮ ಹೆಣ್ಣುಮಕ್ಕಳು ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರುವ ದೂರದಲ್ಲಿ ಎಂ.ಎ. ಓದುತ್ತಿದ್ದಾರೆ, ಅದನ್ನು ಕಿತ್ತುಕೊಳ್ಳಬೇಡಿ ಅಂತ ಇನ್ನೊಂದು ಕಡೆಯವರು. ಎರಡೂ ಕಡೆಯವರು ಗಟ್ಟಿ ದನಿಯಲ್ಲಿ ಮಾತಾಡಿದರು, ಆದರೆ ಕೈಯಲ್ಲಿ ಹಿಡಿದು ತೋರಿಸಲು ಏನಿತ್ತು? ಈ ಹೊಸ ವಿಶ್ವವಿದ್ಯಾಲಯಗಳು ಮೊದಲ ವರ್ಷದಿಂದಲೇ ತಮ್ಮ ಕಥೆಯನ್ನು ಕನ್ನಡದಲ್ಲಿ ನೇರವಾಗಿ ಬರೆದು ಜಿಲ್ಲೆಯ ಪ್ರತಿ ಗ್ರಂಥಾಲಯಕ್ಕೂ ಕಳಿಸಿದ್ದರೆ, ಯಾವ ಹಳ್ಳಿಯಿಂದ ಎಷ್ಟು ಮಕ್ಕಳು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಯಾರು ಪಾಠ ಮಾಡುತ್ತಾರೆ ಅಂತ ಊರವರಿಗೆ ಗೊತ್ತಿದ್ದಿದ್ದರೆ, ಆ ಚರ್ಚೆಯೇ ಬೇರೆ ರೀತಿ ಇರುತ್ತಿತ್ತು. ಮುಚ್ಚಬೇಕು ಅನ್ನುವವರಿಗೂ ಉಳಿಸಬೇಕು ಅನ್ನುವವರಿಗೂ ಅದರಿಂದ ಉಪಯೋಗ ಆಗುತ್ತಿತ್ತು.

ಖರ್ಚಿನ ನೆಪ ಹೇಳಬೇಡಿ. ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ಮೇಷ್ಟ್ರುಗಳನ್ನು ಊರೂರಿಗೆ ಕಳಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿಸಿತು, ಆ ಮಾತುಗಳನ್ನು ಪುಟ್ಟ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಮಾರಿತು. ವಿಸ್ಕಾನ್ಸಿನ್ ಮಾದರಿ ಅಂತ ಕಾಗದದ ಮೇಲೆ ಬರೆದದ್ದನ್ನು ಅವರು ಹೀಗೆ ಮಾಡಿ ತೋರಿಸಿದರು. ಆಗ ಈಗಿನಂಥ ರಸ್ತೆ ಇರಲಿಲ್ಲ, ಹಳ್ಳಿಗಳಲ್ಲಿ ಮೈಕ್ ಸಿಗುತ್ತಿರಲಿಲ್ಲ. ಈಗ ಪುಸ್ತಕ ಪ್ರಕಟಿಸುವ ಪ್ರಸಾರಾಂಗ ಇದೆ, ಪತ್ರಿಕೋದ್ಯಮ ವಿಭಾಗ ಇದೆ, ಕನ್ನಡ ವಿಭಾಗ ಇದೆ. ಎಂ.ಎ. ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೆಲಸ ಅಂತ ಇದನ್ನೇ ಕೊಡಬಹುದು. ಒಬ್ಬೊಬ್ಬರು ಒಂದೊಂದು ವಿಭಾಗಕ್ಕೆ ಹೋಗಿ, ಕೂತು ಮಾತಾಡಿಸಿ, ಬರೆಯಲಿ. ಅವರಿಗೂ ಬರವಣಿಗೆ ಕಲಿತ ಹಾಗಾಗುತ್ತದೆ. ಇಬ್ಬರು ಹಿರಿಯ ಮೇಷ್ಟ್ರು ತಿದ್ದಲಿ. ಕುಲಪತಿಗಳಿಗೆ ಇಷ್ಟವಾಗದ ಪುಟವನ್ನು ತೆಗೆಯುವ ಅಧಿಕಾರ ಮಾತ್ರ ಕುಲಪತಿಗಳಿಗೆ ಇರಬಾರದು. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಜನ ಕೇಳುವ ಮುಂಚೆಯೇ ಮಾಹಿತಿ ಹೊರಗಿಡಬೇಕು ಅಂತ ಅದರ ನಾಲ್ಕನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಇದು ಯಾರೋ ಮಾಡುವ ಉಪಕಾರವಲ್ಲ.

ಮೈಸೂರು ವಿಶ್ವವಿದ್ಯಾಲಯದ ಶತಮಾನೋತ್ಸವದ ಹೊತ್ತಿನಲ್ಲಿ, 2016ರ ಜನವರಿಯಲ್ಲಿ, ಭಾರತೀಯ ವಿಜ್ಞಾನ ಕಾಂಗ್ರೆಸ್ ಅದರ ಮಾನಸಗಂಗೋತ್ರಿ ಆವರಣದಲ್ಲಿ ನಡೆದಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಪ್ರಧಾನಿ ಬಂದಿದ್ದರು, ದೊಡ್ಡ ದೊಡ್ಡ ವಿಜ್ಞಾನಿಗಳು ಬಂದಿದ್ದರು, ಬರೆಯಲೇಬೇಕಿತ್ತು. ಆದರೆ ನೂರು ತುಂಬಿದ ವರ್ಷಕ್ಕೆ ಸಿಕ್ಕ ಜಾಗದಲ್ಲಿ ಕಾಲು ಭಾಗವಾದರೂ ನೂರಾ ಒಂದನೇ, ನೂರಾ ಎರಡನೇ ವರ್ಷಕ್ಕೆ ಸಿಗಬೇಕಿತ್ತು. ಪಾಠ, ಪ್ರಯೋಗ, ಓದು ನಡೆದಿದ್ದು ಆ ವರ್ಷಗಳಲ್ಲೂ ತಾನೆ.

ಸಂಪಾದಕರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಜುಲೈ 27ಕ್ಕೆ ಆ ಹಳೆಯ ಒಂದು ಸಾಲಿನ ಬದಲು ಅರ್ಧ ಪುಟ ಕೊಡಿ. ಮೈಸೂರು, ಧಾರವಾಡ, ಬೆಂಗಳೂರು, ಕಲಬುರಗಿ, ಮಂಗಳೂರು, ಹಂಪಿ, ಹೊಸ ಜಿಲ್ಲೆಗಳ ವಿಶ್ವವಿದ್ಯಾಲಯಗಳು, ಎಲ್ಲ ಕುಲಸಚಿವರಿಗೂ ಒಂದೇ ಪ್ರಶ್ನೆ ಕಳಿಸಿ: ಕಳೆದ ಒಂದು ವರ್ಷದಲ್ಲಿ ನಿಮ್ಮಲ್ಲಿ ಏನು ನಡೆಯಿತು, ಕನ್ನಡದಲ್ಲಿ, ಟೇಬಲ್ ಇಲ್ಲದೆ, ಮುನ್ನೂರು ಪದಗಳಲ್ಲಿ ಬರೆದು ಕಳಿಸಿ ಅಂತ. ಬಂದದ್ದನ್ನು ಹಾಗೆಯೇ ಅಚ್ಚು ಮಾಡಿ. ಉತ್ತರ ಕೊಡದವರ ಹೆಸರಿನ ಕೆಳಗೆ ಜಾಗ ಖಾಲಿ ಬಿಡಿ. ಆಯಾ ಊರಿನ ವಿದ್ಯಾರ್ಥಿಗಳಿಂದಲೂ ಅದೇ ಪ್ರಶ್ನೆಗೆ ಪತ್ರ ತರಿಸಿಕೊಂಡು ಪಕ್ಕದಲ್ಲೇ ಹಾಕಿ.

– ನಿವೃತ್ತ ಕಾಲೇಜು ಅಧ್ಯಾಪಕ, ಮೈಸೂರು